ಅರ್ಧ ಜಪಸರ

ಹೆಸರು, ಉದ್ಯೋಗ, ಬಡಾವಣೆ, ಮನೆಯವರ ವಿವರ ಎಲ್ಲವನ್ನೂ ಬದಲಿಸಿದ್ದೇನೆ. ಬರೆದದ್ದನ್ನು ಅವರಿಗೇ ಓದಿ ಹೇಳಿ, "ಹಾಕಿ ಮೇಡಂ, ನನ್ನಂಥೋರು ಇನ್ನೂ ಇರ್ತಾರೆ" ಎಂದ ಮೇಲೆ ಕೊಡುತ್ತಿದ್ದೇನೆ. ಇಲ್ಲಿ ಅವರನ್ನು ಸೆಲಿನ್ ಎನ್ನೋಣ. ವಯಸ್ಸು 53. ಮೈಸೂರಿನಲ್ಲೇ ಹುಟ್ಟಿ ಬೆಳೆದವರು, ಮದುವೆಯಾಗಿಲ್ಲ, ಕಚೇರಿಯೊಂದರಲ್ಲಿ ಗುಮಾಸ್ತೆ. ಅಪ್ಪ ಹೋದ ಮೇಲೆ 22 ವರ್ಷ ಆ ಮನೆಯಲ್ಲಿ ಅಮ್ಮ, ಮಗಳು ಇಬ್ಬರೇ. ಅಣ್ಣ ಸಂಸಾರ ಸಮೇತ ದುಬೈನಲ್ಲಿ. ಅಮ್ಮ ತೀರಿಕೊಂಡು ಹನ್ನೊಂದು ತಿಂಗಳಾದಾಗ ಸೆಲಿನ್ ಆಪ್ತಸಲಹೆಗೆಂದು ನನ್ನ ಬಳಿ ಬಂದರು.

ಬಂದವರು ಹೇಳಿಕೊಂಡದ್ದು ನಿದ್ದೆಯ ವಿಷಯ. ಮೂರು ಗಂಟೆಗೆ ಎಚ್ಚರವಾಗುತ್ತದೆ, ಆಮೇಲೆ ಬರುವುದಿಲ್ಲ. ರಾತ್ರಿ ಒಬ್ಬಳಿಗೆ ಏನು ಅಡುಗೆ ಅಂತ ಟೀ ಜೊತೆ ಎರಡು ಬನ್ನು ತಿಂದು ಮಲಗುವುದು. ಇದನ್ನೆಲ್ಲ ಕಡತ ಓದಿದ ಹಾಗೆ ಹೇಳಿ ಮುಗಿಸಿದರು. ಎದ್ದು ಹೊರಡುವ ಹೊತ್ತಿಗೆ ಬಾಗಿಲ ಹತ್ತಿರ ನಿಂತು ಕೇಳಿದರು:

"ಮೇಡಂ, ನಾನು ದಿನಾ ಬೆಳಿಗ್ಗೆ ಪೂಜೆಗೆ ಹೋಗ್ತೀನಿ, ಪರಮಪ್ರಸಾದ ತಗೋತೀನಿ. ಯೇಸುಸ್ವಾಮಿ ನನ್ನೊಳಗೇ ಇದಾರೆ ಅಂತ ನಂಬಿರೋಳು ನಾನು. ಹಾಗಿದ್ದ ಮೇಲೆ ಒಂಟಿ ಅನ್ನಿಸಬಾರದಲ್ವಾ? ಅನ್ಸುತ್ತಲ್ಲ, ಅದು ಪಾಪ ಅಲ್ವಾ?"

ಇದನ್ನು ಅವರ ತಲೆಗೆ ತುಂಬಿದವರು ಪ್ರಾರ್ಥನಾ ಕೂಟದ ಹಿರಿಯ ಹೆಂಗಸೊಬ್ಬರು. "ವಿಶ್ವಾಸ ಗಟ್ಟಿ ಇದ್ದರೆ ಒಂಟಿತನ ಹತ್ತಿರಾನೂ ಸುಳಿಯಲ್ಲಮ್ಮ" ಅಂದಿದ್ದರಂತೆ. ಒಳ್ಳೆಯ ಮನಸ್ಸಿನಿಂದಲೇ ಹೇಳಿರಬೇಕು. ಆದರೆ ಅವತ್ತಿನಿಂದ ಸೆಲಿನ್ ಹೊತ್ತದ್ದು ಎರಡು ಹೊರೆ. ಅಮ್ಮ ಇಲ್ಲ ಎಂಬುದು ಒಂದು. ಅಮ್ಮ ಇಲ್ಲವೆಂದು ಇಷ್ಟೊಂದು ಅಳುವ ನಾನು ಎಂಥ ಕ್ರೈಸ್ತಳು ಎಂಬುದು ಇನ್ನೊಂದು. ಎರಡನೆಯದೇ ಹೆಚ್ಚು ಭಾರ. ಕೂಟಕ್ಕೆ ಹೋಗುವುದನ್ನೂ ಬಿಟ್ಟರು. ಕಣ್ಣು ಒದ್ದೆಯಾದಾಗ ಹೋಗಿ ಕೂರುತ್ತಿದ್ದದ್ದು ಸಂತ ಫಿಲೋಮಿನಾ ಚರ್ಚಿನ ನೆಲಮಾಳಿಗೆಯಲ್ಲಿ, ಮಲಗಿರುವ ಸಂತಳ ಪ್ರತಿಮೆಯ ಹತ್ತಿರ. ಮೇಲೆ 175 ಅಡಿಯ ಜೋಡಿ ಗೋಪುರದ ಫೋಟೊ ತೆಗೆಯಲು ಎಲ್ಲೆಲ್ಲಿಂದಲೋ ಬಂದ ಜನ. "ಅದು ನಮ್ಮ ಬಡಾವಣೆಯ ಚರ್ಚಲ್ಲ. ಅಲ್ಲಿ ಯಾರೂ ನನ್ನ ಗುರುತು ಹಿಡಿಯಲ್ಲ. ಅತ್ತರೆ ಯಾಕೆ ಅಂತ ಕೇಳಲ್ಲ."

ನಂಬಿಕೆಯ ಮಾತಿಗೆ ಹೋಗುವ ಮುಂಚೆ ಮಾಡಲೇಬೇಕಾದ ಕೆಲಸವೊಂದಿತ್ತು. ಖಿನ್ನತೆ ಅಳೆಯಲು ನಾವು ಬಳಸುವ ಪಿಎಚ್‌ಕ್ಯೂ-9 ಎಂಬ ಒಂಬತ್ತು ಪ್ರಶ್ನೆಗಳನ್ನು ಕೇಳಿದೆ. 27ಕ್ಕೆ 11 ಬಂತು, ಅಂದರೆ ಮಧ್ಯಮ. ಒಂಬತ್ತನೆಯ ಪ್ರಶ್ನೆ ಸಾವಿನ ಯೋಚನೆಯದು. ಸುತ್ತಿ ಬಳಸದೆ ಕೇಳಿದೆ. "ಬೇಗ ಅಮ್ಮನ ಹತ್ರ ಹೋದ್ರೆ ಸಾಕು ಅನ್ಸುತ್ತೆ, ಆದರೆ ನಾನಾಗಿ ಏನೂ ಮಾಡ್ಕೊಳ್ಳಲ್ಲ ಮೇಡಂ" ಎಂದರು. ಹಾಗೆಂದು ಬಿಟ್ಟುಬಿಡಲಿಲ್ಲ, ಮನೋವೈದ್ಯರೊಬ್ಬರ ಬಳಿ ಕಳಿಸಿದೆ. ಅವರು ಥೈರಾಯ್ಡ್, ಬಿ12 ಪರೀಕ್ಷೆ ಮಾಡಿಸಿದರು, ಬಿ12 ಕಡಿಮೆಯಿತ್ತು, ಅದಕ್ಕೆ ಮಾತ್ರೆ ಕೊಟ್ಟರು. ಖಿನ್ನತೆಗೆ ಸದ್ಯ ಔಷಧ ಬೇಡ, ನಾಲ್ಕು ವಾರ ನೋಡೋಣ ಎಂದರು. ರಾತ್ರಿ ಮೂರು ಗಂಟೆಗೆ ಯೋಚನೆ ತೀರಾ ಕಪ್ಪಾದರೆ ಫೋನ್ ಮಾಡಲು ಟೆಲಿ-ಮಾನಸ್‌ನ 14416 ಸಂಖ್ಯೆಯನ್ನು ಅವರ ಮೊಬೈಲಿನಲ್ಲಿ ನಾನೇ ಸೇರಿಸಿಕೊಟ್ಟೆ. 2022ರ ಅಕ್ಟೋಬರಿನಲ್ಲಿ ಶುರುವಾದ ಸರ್ಕಾರದ ಉಚಿತ ಸೇವೆ ಅದು. ದಿನದ 24 ಗಂಟೆಯೂ ಸಿಗುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಪ್ರಾರ್ಥನೆ ಮಾಡುವವರಿಗೆ ಇದೆಲ್ಲ ಬೇಡ ಎನ್ನುವವರ ಮಾತನ್ನು ದಯವಿಟ್ಟು ಕೇಳಬೇಡಿ. ಬಿ12 ಕಡಿಮೆಯಾದದ್ದಕ್ಕೂ ವಿಶ್ವಾಸಕ್ಕೂ ಸಂಬಂಧವಿಲ್ಲ.

ಎರಡನೆಯ ಭೇಟಿಯಲ್ಲಿ ನಾನು ಕೊಟ್ಟ ಸಲಹೆ ತಪ್ಪಾಗಿತ್ತು. ವಾರಕ್ಕೊಮ್ಮೆ ಬೀದಿಯ ಮನೆಗಳಲ್ಲಿ ಸರದಿಯಂತೆ ನಡೆಯುವ ಪ್ರಾರ್ಥನೆಗೆ ಮತ್ತೆ ಹೋಗಲು ಹೇಳಿದೆ. ಜನರ ಮಧ್ಯೆ ಇದ್ದರೆ ಸರಿಹೋಗುತ್ತದೆ ಎಂಬುದು ನಮ್ಮ ಸುಲಭದ ಲೆಕ್ಕ. ಹೋದರು, ಇನ್ನೂ ಕುಗ್ಗಿ ಬಂದರು. ಗಂಡ ಹೆಂಡತಿ ಮಕ್ಕಳು ಒಟ್ಟೊಟ್ಟಿಗೆ ಚಾಪೆಯ ಮೇಲೆ ಕೂತಿದ್ದರಂತೆ, ಇವರು ಗೋಡೆಗೆ ಒರಗಿ ಒಬ್ಬರೇ. ಅಮೆರಿಕದ ಸಮಾಜಶಾಸ್ತ್ರಜ್ಞ ರಾಬರ್ಟ್ ವೈಸ್ 1973ರಲ್ಲೇ ಒಂಟಿತನದಲ್ಲಿ ಎರಡು ಬಗೆ ಎಂದು ಬೇರ್ಪಡಿಸಿದ್ದ. ಬಳಗವಿಲ್ಲದ ಒಂಟಿತನ ಒಂದು, ಮನಸ್ಸಿಗೆ ಅಂಟಿದ ಒಬ್ಬರು ಇಲ್ಲದ ಒಂಟಿತನ ಇನ್ನೊಂದು. ಎರಡನೆಯದಕ್ಕೆ ಮೊದಲನೆಯದರ ಮದ್ದು ಹತ್ತುವುದಿಲ್ಲ. ಓದಿ ತಿಳಿದಿದ್ದ ವಿಷಯವೇ, ಆದರೂ ಎಡವಿದೆ. ಕ್ಷಮೆ ಕೇಳಿದೆ.

ಮೂರನೆಯ ಸಲ ನಾನು ಸಲಹೆಯನ್ನೇ ಕೊಡಲಿಲ್ಲ. ಸಂಜೆ ಅಮ್ಮನ ಜೊತೆ ಏನೇನು ಮಾಡುತ್ತಿದ್ದಿರಿ, ಗಂಟೆಗಂಟೆಯದೂ ಹೇಳಿ ಎಂದೆ. ಏಳೂವರೆಗೆ ಜಪಸರ ಎಂದರು. ನಾನು ಬೆಳೆದದ್ದು ಸಿ.ಎಸ್.ಐ. ಎಂಬ ಪ್ರೊಟೆಸ್ಟಂಟ್ ಸಭೆಯಲ್ಲಿ, ನಮ್ಮಲ್ಲಿ ಜಪಸರವಿಲ್ಲ. ಹೇಗೆ ಹೇಳುತ್ತೀರಿ, ನನಗೂ ತಿಳಿಸಿಕೊಡಿ ಅಂದಾಗ ಕೈಚೀಲದಿಂದ ಅಮ್ಮನ ಜಪಸರ ತೆಗೆದು ಮೇಜಿನ ಮೇಲಿಟ್ಟರು.

ವೇಳಾಂಕಣ್ಣಿಯಿಂದ ತಂದ ಕಪ್ಪು ಮರದ ಮಣಿಯ ಸರ. ಬೆರಳಾಡಿ ಆಡಿ ಮಣಿಗಳ ಬಣ್ಣ ಹೋಗಿ ಕಂದು ಮರ ಕಾಣುತ್ತಿತ್ತು. ಹತ್ತತ್ತು ಮಣಿಗಳ ಗುಂಪುಗಳಲ್ಲಿ ಮೂರನೆಯ ಹತ್ತರಲ್ಲಿ ಒಂದು ಮಣಿ ಯಾವತ್ತೋ ಉದುರಿಹೋಗಿ, ಅಲ್ಲಿ ಬಿಳಿ ಹೊಲಿಗೆ ದಾರ ಸುತ್ತಿ ಸುತ್ತಿ ಗಂಟು ಹಾಕಿತ್ತು. ಆ ಗಂಟನ್ನೂ ಮಣಿಯೆಂದೇ ಎಣಿಸುತ್ತಿದ್ದರಂತೆ ಅಮ್ಮ. ಸೆಲಿನ್ ಮಣಿ ಹಿಡಿದು ತೋರಿಸಿದರು. "ಮುಂದೆ ಹೇಳೋರು 'ನಮೋ ಮರಿಯ' ಅಂತ ಅರ್ಧ ಹೇಳ್ತಾರೆ. ಮಿಕ್ಕೋರು 'ಸಂತ ಮರಿಯ' ಅಂತ ಉಳಿದರ್ಧ. ಒಟ್ಟು 53 ಸಲ. ನಮ್ಮನೇಲಿ ಮೊದಲರ್ಧ ಯಾವಾಗ್ಲೂ ಅಮ್ಮಂದು, ಎರಡನೇದು ನಂದು."

"ಈಗ?" ಎಂದೆ.

ಅವರು ತಡೆದರು. "ಕೂತ್ಕೋತೀನಿ ಮೇಡಂ. ಶುರು ಮಾಡೋಕೆ ಬಾಯಿ ಬರಲ್ಲ. ಅಮ್ಮ ಹೇಳಿ ಮುಗಿಸ್ತಾರೇನೋ ಅಂತ ಕಾಯ್ತಿರ್ತೀನಿ. ಆಮೇಲೆ ನಂದು ಅರ್ಧ ಮಾತ್ರ ಹೇಳ್ಬಿಟ್ಟು ಮಲಗ್ತೀನಿ."

ಹನ್ನೊಂದು ತಿಂಗಳಿಂದ ಈ ಹೆಣ್ಣುಮಗಳು ರಾತ್ರಿ ರಾತ್ರಿ ಅರ್ಧ ಪ್ರಾರ್ಥನೆ ಹೇಳಿಕೊಂಡು ಮಲಗುತ್ತಿದ್ದರು. ಅದು ಯಾರಿಗೂ ಗೊತ್ತಿರಲಿಲ್ಲ. ನನಗೂ ಗಂಟಲು ಕಟ್ಟಿತು. ಅವರ ವಿಶ್ವಾಸಕ್ಕೆ ಏನೂ ಆಗಿರಲಿಲ್ಲ. ವಿಶ್ವಾಸವನ್ನು ಜೊತೆಗೆ ಹೇಳುತ್ತಿದ್ದ ದನಿ ಇಲ್ಲವಾಗಿತ್ತು, ಅಷ್ಟೆ. ಅಲ್ಲಿಂದ ಮುಂದೆ ನಾನು ಹೇಳಿದ್ದೆಲ್ಲ ಇದೊಂದರ ಸುತ್ತಲೇ.

ಪಾಪವೇ ಎಂಬ ಪ್ರಶ್ನೆಯನ್ನು ಹಾಗೇ ಬಿಡುವಂತಿರಲಿಲ್ಲ. ಜಪಸರ ಹೇಳುತ್ತ ನೆನೆಯುವ ಯೇಸುವಿನ ನೋವಿನ ಘಟನೆಗಳಿಗೆ ದುಃಖದ ರಹಸ್ಯಗಳು ಎನ್ನುತ್ತಾರೆ, ಅವನ್ನು ಯಾವ ದಿನ ಧ್ಯಾನಿಸುತ್ತೀರಿ ಎಂದು ಕೇಳಿದೆ. ಮಂಗಳವಾರ, ಶುಕ್ರವಾರ. ಮೊದಲನೆಯ ರಹಸ್ಯ ಯಾವುದು? ಗೆತ್ಸೆಮನೆ ತೋಟ. ಹಾಗಾದರೆ ಮತ್ತಾಯನ ಸುವಾರ್ತೆಯ 26ನೇ ಅಧ್ಯಾಯ ಓದೋಣ ಎಂದೆ. ಅಲ್ಲಿ ಯೇಸು ತಂದೆಯ ಹತ್ತಿರ ಪ್ರಾರ್ಥಿಸಲು ಹೋಗುತ್ತಿದ್ದಾರೆ. ಒಬ್ಬರೇ ಹೋಗಬಹುದಿತ್ತು, ಹೋಗಲಿಲ್ಲ. ಶಿಷ್ಯರಾದ ಪೇತ್ರನನ್ನೂ ಜೆಬೆದಾಯನ ಇಬ್ಬರು ಮಕ್ಕಳನ್ನೂ ಕರೆದುಕೊಂಡು ಹೋಗಿ, ಸಾಯುವಷ್ಟು ದುಃಖವಾಗಿದೆ, ಇಲ್ಲೇ ನನ್ನ ಜೊತೆ ಎಚ್ಚರವಾಗಿರಿ ಎಂದು ಕೇಳಿಕೊಳ್ಳುತ್ತಾರೆ. ಪ್ರಾರ್ಥನೆಯ ನಡುವೆ ಮತ್ತೆ ಮತ್ತೆ ಎದ್ದು ಬಂದು ಅವರನ್ನು ನೋಡುತ್ತಾರೆ. ಅವರು ನಿದ್ದೆ ಹೋಗಿರುತ್ತಾರೆ. ಒಂದು ಗಂಟೆ ಕೂಡ ಎಚ್ಚರವಾಗಿರಲು ಆಗಲಿಲ್ಲವೇ ಎಂದು ನೊಂದು ಕೇಳುತ್ತಾರೆ.

"ತಂದೆಯ ಜೊತೆ ಮಾತಾಡುತ್ತಿದ್ದ ಮಗನಿಗೇ ಪಕ್ಕದಲ್ಲಿ ಮೂರು ಜನ ಬೇಕು ಅನ್ನಿಸಿತು ಸೆಲಿನ್ ಅವರೇ. ಅವರ ವಿಶ್ವಾಸ ಕಮ್ಮಿಯಾಗಿತ್ತಾ?"

ಅವರು ಬಹಳ ಹೊತ್ತು ಮಾತಾಡಲಿಲ್ಲ. "ಇದನ್ನ ಸಾವಿರ ಸಲ ಹೇಳಿದೀನಿ. ಹೀಗೆ ನೋಡಿರಲಿಲ್ಲ" ಎಂದರು.

ರಾತ್ರಿ ಮೂರರ ಹೊತ್ತಿಗೆ ಏನು ಮಾಡಲಿ ಎಂದದ್ದಕ್ಕೆ ಬೈಬಲಿನ 88ನೇ ಕೀರ್ತನೆಯನ್ನು ಗುರುತು ಹಾಕಿಕೊಟ್ಟೆ. ಅಳಲಿನ ಹೆಚ್ಚಿನ ಕೀರ್ತನೆಗಳಲ್ಲಿ ಕೊನೆಗಾದರೂ ಒಂದು ಭರವಸೆಯ ಸಾಲು ಬರುತ್ತದೆ. ಇದರಲ್ಲಿ ಇಲ್ಲ, ಕತ್ತಲಲ್ಲೇ ಮುಗಿಯುತ್ತದೆ. ಕಥೋಲಿಕ ಗುರುಗಳೂ ಕನ್ಯಾಸ್ತ್ರೀಯರೂ ಶುಕ್ರವಾರದ ರಾತ್ರಿಪ್ರಾರ್ಥನೆಯಲ್ಲಿ ಹೇಳುವುದು ಇದನ್ನೇ ಎಂದು ಪರಿಚಯದ ಸಿಸ್ಟರ್ ಒಬ್ಬರು ನನಗೆ ಹೇಳಿದ್ದರು. ಸಮಾಧಾನವಾಗಿರುವ ಹಾಗೆ ದೇವರ ಮುಂದೆ ನಟಿಸಬೇಕಾಗಿಲ್ಲ ಎಂಬುದಕ್ಕೆ ಸೆಲಿನ್‌ಗೆ ಅದಕ್ಕಿಂತ ದೊಡ್ಡ ಸಾಕ್ಷಿ ಬೇಕಿರಲಿಲ್ಲ.

ಕಷ್ಟವಾದದ್ದು ಮುಂದಿನ ಮಾತು. ಮೂರು ಜನರ ಹತ್ತಿರ ಮೂರು ವಿಷಯ ಕೇಳಬೇಕು, ಹೆಸರು, ವಾರ, ಹೊತ್ತು ಸಮೇತ ಬರೆದುಕೊಂಡು ಕೇಳಬೇಕು ಎಂದೆ. "ಯಾವಾಗ್ಲಾದ್ರೂ ಮನೆ ಕಡೆ ಬನ್ನಿ" ಎಂದರೆ ಯಾರೂ ಬರುವುದಿಲ್ಲ, ನಾವೂ ಹೋಗುವುದಿಲ್ಲ. ಅವರು ಕುರ್ಚಿಯಲ್ಲಿ ನೆಟ್ಟಗೆ ಕೂತರು. "ಕೇಳೋದು ನನ್ನಿಂದಾಗಲ್ಲ. ಅಮ್ಮ ಸಾಯೋವರೆಗೂ ಯಾರ ಮುಂದೇನೂ ಕೈಚಾಚಿದೋರಲ್ಲ."

ಆಗ ನೆನಪಾದದ್ದು ಬೈಬಲಿನ ಸಂತ ಪೌಲ. ತಿಮೊಥೆಯನಿಗೆ ಬರೆದ ಎರಡನೆಯ ಪತ್ರದ ಕೊನೆಯ ಅಧ್ಯಾಯ. ಸೆರೆಯಲ್ಲಿದ್ದಾನೆ. ಕೆಲವರು ಬಿಟ್ಟುಹೋಗಿದ್ದಾರೆ, ಕೆಲವರು ಬೇರೆ ಊರಿಗೆ ಹೋಗಿದ್ದಾರೆ, ಲೂಕನೊಬ್ಬ ಜೊತೆಗಿದ್ದಾನೆ. ಪ್ರಭು ನನ್ನ ಪಕ್ಕದಲ್ಲಿ ನಿಂತರು ಎಂದು ಅದೇ ಅಧ್ಯಾಯದಲ್ಲಿ ಹೇಳುವವನೂ ಅವನೇ, ಬೇಗ ಹೊರಟು ಬಾ, ಚಳಿಗಾಲಕ್ಕೆ ಮುಂಚೆಯೇ ಬಾ, ತ್ರೋವದಲ್ಲಿ ಕಾರ್ಪನ ಮನೆಯಲ್ಲಿ ಬಿಟ್ಟ ಮೇಲಂಗಿಯನ್ನೂ ಪುಸ್ತಕಗಳನ್ನೂ ತಾ ಎಂದು ಕೇಳುವವನೂ ಅವನೇ. ಯಾರು, ಯಾವಾಗ, ಯಾವ ವಸ್ತು, ಯಾರ ಮನೆಯಲ್ಲಿದೆ, ಎಲ್ಲವನ್ನೂ ಬಿಡಿಸಿ ಹೇಳಿದ್ದಾನೆ. ಪೌಲ ಮೇಲಂಗಿ ಕೇಳಬಹುದಾದರೆ ನೀವು ಜೊತೆಗೊಂದು ಊಟ ಕೇಳಬಹುದು ಎಂದೆ. ಸೆಲಿನ್ ನಕ್ಕರು. ನನ್ನ ಕೋಣೆಯಲ್ಲಿ ಅವರು ನಕ್ಕದ್ದು ಅದೇ ಮೊದಲು.

ಅಣ್ಣನಿಗೆ ಕೇಳಿದ್ದು ಭಾನುವಾರ ನಾಲ್ಕು ಗಂಟೆಗೆ ಫೋನು. ದಿನಾ ಕಳಿಸುವ ವಾಟ್ಸಾಪ್ ವಚನವಲ್ಲ, ಮಾತು. ಕಚೇರಿಯ ಗೆಳತಿಗೆ, ಬುಧವಾರ ಡಬ್ಬಿ ಜೊತೆಗೆ ತಿನ್ನೋಣ ಎಂದು. ಆಕೆ ಲಿಂಗಾಯತರು, "ಇಷ್ಟು ದಿನ ನೀವೇ ಒಬ್ಬರೇ ಇರೋಕೆ ಇಷ್ಟಪಡ್ತೀರ ಅಂದ್ಕೊಂಡಿದ್ದೆ ಕಣ್ರೀ" ಎಂದರಂತೆ. ಈ ಮಾತನ್ನು ನಾನು ಎಷ್ಟು ಪ್ರಕರಣಗಳಲ್ಲಿ ಕೇಳಿದ್ದೇನೋ. ನಮ್ಮ ಸುತ್ತಲಿನವರು ಕಲ್ಲುಹೃದಯದವರಲ್ಲ, ಅವರಿಗೆ ಗೊತ್ತಿರುವುದಿಲ್ಲ.

ಮೂರನೆಯದು ಚರ್ಚಿನ ಫಾದರ್‌ಗೆ. ಮೊದಲ ಶುಕ್ರವಾರ ಹಾಸಿಗೆ ಹಿಡಿದವರ ಮನೆಗೆ ಪರಮಪ್ರಸಾದ ಕೊಂಡೊಯ್ಯುತ್ತಾರಲ್ಲ, ಆ ಮನೆಗಳಲ್ಲಿ ಜಪಸರಕ್ಕೆ ಜೊತೆಯಿಲ್ಲದವರು ಯಾರಾದರೂ ಇದ್ದಾರೆಯೇ ಎಂದು ಕೇಳಿ ಎಂದೆ. ಒಂದು ವಿಷಯ ಒತ್ತಿ ಹೇಳಿದೆ: ಸೇವೆ ಮಾಡಲು ಬಂದಿದ್ದೇನೆ ಎನ್ನಬೇಡಿ, ನನಗೂ ಜೊತೆ ಬೇಕು ಎಂದೇ ಹೇಳಿ. ದುಃಖದಲ್ಲಿರುವವರನ್ನು ಸೇವೆಗೆ ಹಚ್ಚಿ ದುಃಖವನ್ನು ಮರೆಸುವ ಅಭ್ಯಾಸ ನಮ್ಮ ಸಭೆಗಳಲ್ಲಿದೆ. ಆರು ತಿಂಗಳು ಓಡಾಡಿ, ಒಂದು ದಿನ ಕುಸಿದು ಬೀಳುತ್ತಾರೆ. ಆದ್ದರಿಂದ ವಾರಕ್ಕೆ ಒಂದೇ ದಿನ, ಒಂದೇ ಮನೆ ಎಂದು ಮಿತಿ ಹಾಕಿಕೊಟ್ಟೆ.

ಫಾದರ್ ಕೊಟ್ಟದ್ದು ಎರಡು ಬೀದಿಯಾಚೆಯ 81ರ ಅಜ್ಜಿಯೊಬ್ಬರ ವಿಳಾಸ. ಸೊಂಟದ ಮೂಳೆ ಮುರಿದು ಓಡಾಟವಿಲ್ಲ. ಸೆಲಿನ್ ಮಂಗಳವಾರ ಸಂಜೆ ಹೋದರು. ಆಮೇಲೆ ನಡೆದದ್ದನ್ನು ಅವರು ಹೇಳಿದ ಹಾಗೇ ಕೊಡುತ್ತೇನೆ: "ಇಬ್ಬರೂ ಶಿಲುಬೆ ಗುರುತು ಹಾಕ್ಕೊಂಡ್ವಿ. ಸರ ಹಿಡ್ಕೊಂಡು ಕೂತ್ವಿ. ನಾನು ಅವರು ಶುರು ಮಾಡ್ಲಿ ಅಂತ, ಅವರು ನಾನು ಶುರು ಮಾಡ್ಲಿ ಅಂತ. ಆಮೇಲೆ ಅಜ್ಜಿ ಅಂದ್ರು, ನಮ್ಮನೇಲಿ ಯಾವಾಗ್ಲೂ ನಮ್ಮೆಜಮಾನ್ರೇ ಮುಂದೆ ಹೇಳೋರು ಮಗಳೇ, ನಂಗೆ ಆ ಕಡೆ ಅರ್ಧ ಮಾತ್ರ ಅಭ್ಯಾಸ."

ಆ ಸಂಜೆ ಸೆಲಿನ್ ಅಮ್ಮನ ಅರ್ಧವನ್ನು ಹೇಳಿದರು. ಮೊದಲ ಹತ್ತು ಮಣಿ ದಾಟುವಷ್ಟರಲ್ಲಿ ಎರಡು ಸಲ ದನಿ ನಿಂತಿತಂತೆ. ಅಜ್ಜಿ ಏನೂ ಅನ್ನಲಿಲ್ಲ, ಕಾದರು. ಮೂರನೆಯ ಹತ್ತರಲ್ಲಿ ಬೆರಳು ದಾರದ ಗಂಟಿಗೆ ಬಂದಾಗ ಅದನ್ನೂ ಎಣಿಸಿದರು.

ಇದಾಗಿ ಐದು ತಿಂಗಳು. ನಿದ್ದೆ ನಾಲ್ಕೂವರೆವರೆಗೆ ಬರುತ್ತಿದೆ. ಕಳೆದ ತಿಂಗಳು ಪ್ರಶ್ನಾವಳಿಯಲ್ಲಿ ಬಂದದ್ದು 6. ಔಷಧದ ಅಗತ್ಯ ಬೀಳಲಿಲ್ಲ, ಬಿದ್ದಿದ್ದರೆ ಹಿಂಜರಿಯದೆ ತೆಗೆದುಕೊಳ್ಳಲು ಹೇಳುತ್ತಿದ್ದೆ. ಭಾನುವಾರ ಮಧ್ಯಾಹ್ನ ಪೂಜೆ ಮುಗಿಸಿ ಬಂದು ಬೀಗ ತೆಗೆಯುವ ಹೊತ್ತು ಈಗಲೂ ಕಷ್ಟ ಎನ್ನುತ್ತಾರೆ. ಅದು ಬೇಗ ಹೋಗುತ್ತದೆಂದು ನಾನು ಹೇಳಿಲ್ಲ. ಜೂನ್ 13ರ ಸಂತ ಅಂತೋಣಿ ಹಬ್ಬಕ್ಕೆ ಕೃಷ್ಣರಾಜನಗರ ತಾಲ್ಲೂಕಿನ ಡೋರನಹಳ್ಳಿಗೆ ಅಮ್ಮನ ಜೊತೆ ಬಸ್ಸಿನಲ್ಲಿ ಹೋಗುತ್ತಿದ್ದರಂತೆ. ಈ ಸಲ ಕಚೇರಿಯ ಆ ಗೆಳತಿಯೂ ಬರುತ್ತೇನೆಂದಿದ್ದಾರೆ.

ಮೊನ್ನೆ ಮುಂದಿನ ಭೇಟಿಯ ದಿನ ಬರೆದುಕೊಳ್ಳುವಾಗ ಮಂಗಳವಾರ ಐದೂವರೆ ಎಂದೆ.

"ಮಂಗಳವಾರ ಬೇಡ ಮೇಡಂ," ಎಂದರು, "ಅಜ್ಜಿ ಕಾಯ್ತಿರ್ತಾರೆ."