ಐದು ವಿಎಂಗೆ ವಿಂಡೋಸ್ ಸರ್ವರ್ ಲೈಸೆನ್ಸ್ ಒಂದೇ ಸಾಕಾ?

ನೀವು ಕೇಳಿದ್ದು ಇಷ್ಟು. ದಾವಣಗೆರೆಯ ನಿಮ್ಮ ನರ್ಸಿಂಗ್ ಹೋಮಿಗೆ ಹೊಸ ಸರ್ವರ್ ಬರಲಿದೆ. ಎರಡು ಪ್ರೊಸೆಸರ್, ತಲಾ 12 ಕೋರ್ (ಪ್ರೊಸೆಸರಿನೊಳಗೆ ಲೆಕ್ಕ ಮಾಡೋ ಬಿಡಿ ಭಾಗ). ಅದರ ಮೇಲೆ ಐದು ವರ್ಚುವಲ್ ಮೆಷೀನ್ (ವಿಎಂ, ಅಂದರೆ ಒಂದೇ ಸರ್ವರಿನೊಳಗೆ ಬೇರೆ ಬೇರೆ ಕಂಪ್ಯೂಟರಿನಂತೆ ಓಡೋವು): ಮೂರು ವಿಂಡೋಸ್, ಎರಡು ಲಿನಕ್ಸ್. ಕೊಟೇಶನ್ನಿನಲ್ಲಿ ಡೀಲರ್ 'ವಿಂಡೋಸ್ ಸರ್ವರ್ ಸ್ಟ್ಯಾಂಡರ್ಡ್, 1' ಅಂತ ಬರೆದಿದ್ದಾರೆ. ಇದು ಸಾಕಾ? ಮತ್ತೆ, ನೋಡಿಕೊಳ್ಳೋಕೆ ನೀವೊಬ್ಬರೇ ಇರೋದರಿಂದ ಏನೇನು ಜಾಗ್ರತೆ ಬೇಕು?

ಸಾಲದು. ಸದ್ಯಕ್ಕೆ ಆ ಕೊಟೇಶನ್ನಿಗೆ ಸಹಿ ಹಾಕಬೇಡಿ.

ದಾವಣಗೆರೆ, ಚಿತ್ರದುರ್ಗ, ಚಳ್ಳಕೆರೆ ನಡುವೆ ಬಸ್ಸಲ್ಲಿ ಓಡಾಡಿಕೊಂಡು ಎಣ್ಣೆ ಮಿಲ್ಲು, ಮಂಡಿ, ಸಣ್ಣ ಆಸ್ಪತ್ರೆಗಳ ಸರ್ವರ್ ನೋಡಿಕೊಳ್ಳೋದೇ ನನ್ನ ಕಸುಬು. ಹತ್ತರಲ್ಲಿ ಎಂಟು ಕಡೆ ಇದೇ ತಪ್ಪು ಕಂಡಿದ್ದೀನಿ. ವಿಂಡೋಸ್ ಸರ್ವರ್ 2016ರಿಂದ ಲೈಸೆನ್ಸ್ ಲೆಕ್ಕ ಕೋರ್ ಮೇಲೆ. ಮನೆ ಬಾಡಿಗೆಗೆ ಕೊಟ್ಟ ಹಾಗೆ ಅಂದುಕೊಳ್ಳಿ. ಇಡೀ ಕಟ್ಟಡದ ಚದರಡಿಗೆ ಒಮ್ಮೆ ದುಡ್ಡು ಕಟ್ಟಿದರೆ ಇಬ್ಬರು ಬಾಡಿಗೆದಾರರನ್ನು ಇಟ್ಟುಕೊಳ್ಳಬಹುದು. ಮೂರನೆಯವನು ಬಂದರೆ ಅವನ ಕೋಣೆಗೆ ಮಾತ್ರ ಅಲ್ಲ, ಇಡೀ ಕಟ್ಟಡಕ್ಕೆ ಇನ್ನೊಮ್ಮೆ ಕಟ್ಟಬೇಕು. ಸ್ಟ್ಯಾಂಡರ್ಡ್ ಎಡಿಷನ್ ಅಂದರೆ ಇದೇ: ಕಟ್ಟಡ ಅಂದರೆ ಸರ್ವರ್, ಬಾಡಿಗೆದಾರರು ಅಂದರೆ ವಿಂಡೋಸ್ ವಿಎಂಗಳು. ನಿಮ್ಮಲ್ಲಿರೋದು 24 ಕೋರ್, ವಿಂಡೋಸ್ ವಿಎಂ ಮೂರು, ಅಂದರೆ ಎರಡು ಸುತ್ತು ಕಟ್ಟಬೇಕು, 48 ಕೋರಿನ ಲೈಸೆನ್ಸ್ ಬೇಕು. ಡೀಲರ್ ಬರೆದ ಆ 'ಒಂದು' ಬಹುಶಃ 16 ಕೋರಿನ ಪ್ಯಾಕ್. ಒಂದು ಸುತ್ತಿಗೂ ಅದು ಸಾಲದು. ಲಿನಕ್ಸ್ ವಿಎಂಗಳು ಈ ಲೆಕ್ಕಕ್ಕೆ ಬರೋದೇ ಇಲ್ಲ.

'ಹೋಸ್ಟ್‌ಗೆ ಪ್ರಾಕ್ಸ್‌ಮಾಕ್ಸ್ ಹಾಕ್ತೀವಲ್ಲ, ಅದು ಪುಕ್ಕಟೆ. ವಿಎಂಗೆ ಕೊಟ್ಟ ನಾಲ್ಕು ವಿಸಿಪಿಯುಗೆ ಮಾತ್ರ ಲೈಸೆನ್ಸ್ ಸಾಕು' ಅನ್ನೋರು ಸಿಗ್ತಾರೆ, ನಂಬಬೇಡಿ. ಹೋಸ್ಟ್ ಅಂದರೆ ಆ ನಿಜವಾದ ಸರ್ವರ್, ಪ್ರಾಕ್ಸ್‌ಮಾಕ್ಸ್ ಅಂದರೆ ಅದರ ಮೇಲೆ ವಿಎಂಗಳನ್ನು ಓಡಿಸೋ ಸಾಫ್ಟ್‌ವೇರ್ (ಹೈಪರ್‌ವೈಸರ್), ವಿಸಿಪಿಯು ಅಂದರೆ ವಿಎಂ ಪಾಲಿಗೆ ಕೊಟ್ಟ ಕೋರ್. ಅಡಿಯಲ್ಲಿ ಯಾವ ಹೈಪರ್‌ವೈಸರ್ ಇದ್ದರೂ ಎಣಿಸೋದು ನಿಜವಾದ ಸರ್ವರಿನ ಕೋರನ್ನೇ. ವಿಎಂ ಲೆಕ್ಕದಲ್ಲಿ ಕೊಳ್ಳೋ ದಾರಿ 2022ರ ಅಕ್ಟೋಬರಿನಿಂದ ಇದೆ. ಆದರೆ ಅದಕ್ಕೆ ಸಬ್‌ಸ್ಕ್ರಿಪ್ಷನ್ ಅಥವಾ ಸಾಫ್ಟ್‌ವೇರ್ ಅಶ್ಯೂರೆನ್ಸ್ (ಲೈಸೆನ್ಸ್ ಜೊತೆ ಮೈಕ್ರೋಸಾಫ್ಟಿಗೆ ಕಟ್ಟೋ ನಿರ್ವಹಣೆ ಒಪ್ಪಂದ) ಇರಬೇಕು, ವಿಎಂ ಒಂದಕ್ಕೆ ಕನಿಷ್ಠ 8 ಕೋರ್ ಹಿಡೀತಾರೆ.

ನಿಮ್ಮ ಅದೃಷ್ಟ, ಸರ್ವರ್ ಇನ್ನೂ ಬಂದಿಲ್ಲ. ಇಷ್ಟು ಕೆಲಸಕ್ಕೆ ಎರಡು ಪ್ರೊಸೆಸರ್ ಯಾಕೆ ಬೇಕು? ಒಂದೇ ಪ್ರೊಸೆಸರ್, 16 ಕೋರ್, ಕ್ಲಾಕ್ ಸ್ಪೀಡ್ ಜಾಸ್ತಿ ಇರೋದು ತಗೊಳ್ಳಿ. ಆಗ 48 ಹೋಗಿ 32 ಆಗುತ್ತೆ. 16ಕ್ಕಿಂತ ಕೆಳಗೆ ಇಳಿದು ಲಾಭ ಇಲ್ಲ. ಎಂಟೇ ಕೋರಿದ್ದರೂ ಒಂದು ಸರ್ವರಿಗೆ ಕನಿಷ್ಠ 16 ಕೋರಿನ ದುಡ್ಡು ಕಟ್ಟಲೇಬೇಕು. ಮೂರು ವಿಂಡೋಸಿನಲ್ಲಿ ಒಂದು ಫೈಲ್ ಸರ್ವರ್ ಆಗಿದ್ದರೆ, ಅದನ್ನು ಲಿನಕ್ಸ್ ಮೇಲೆ ಸಾಂಬಾ (ವಿಂಡೋಸ್ ಕಂಪ್ಯೂಟರುಗಳಿಗೆ ಫೈಲ್ ಹಂಚೋ ಸಾಫ್ಟ್‌ವೇರ್) ಹಾಕಿ ಓಡಿಸಿದರೆ ವಿಂಡೋಸ್ ಎರಡೇ ಉಳೀತಾವೆ, ಬರೀ 16 ಕೋರಿಗೆ ಮುಗಿಯುತ್ತೆ. ಡೇಟಾಸೆಂಟರ್ ಎಡಿಷನ್‌ನಲ್ಲಿ ಎಷ್ಟು ವಿಎಂ ಬೇಕಾದರೂ ಹಾಕಬಹುದು, ಆದರೆ ವಿಂಡೋಸ್ ವಿಎಂ ಹತ್ತು-ಹನ್ನೆರಡು ದಾಟೋವರೆಗೆ ಆ ಬೆಲೆ ಗಿಟ್ಟಲ್ಲ.

ಇನ್ನು ಕ್ಯಾಲ್ (ಕ್ಲೈಂಟ್ ಆಕ್ಸೆಸ್ ಲೈಸೆನ್ಸ್). ಇದನ್ನು ಡೀಲರುಗಳು ಬಾಯಿಬಿಟ್ಟು ಹೇಳೋದೇ ಇಲ್ಲ. ಸರ್ವರ್ ಬಳಸೋ ಪ್ರತಿ ಮನುಷ್ಯನಿಗೆ ಅಥವಾ ಪ್ರತಿ ಕಂಪ್ಯೂಟರಿಗೆ ಒಂದು ಕ್ಯಾಲ್ ಬೇಕು. ನಿಮ್ಮದು ಮೂರು ಪಾಳಿಯ ಆಸ್ಪತ್ರೆ. ಸಿಬ್ಬಂದಿ ನಲವತ್ತು ಜನ ಇದ್ದು ಕಂಪ್ಯೂಟರ್ ಹನ್ನೆರಡೇ ಆದರೆ ಡಿವೈಸ್ ಕ್ಯಾಲ್ ತಗೊಳ್ಳಿ, ಹನ್ನೆರಡರಲ್ಲಿ ಮುಗೀತು. ಸರ್ವರಿಗಿಂತ ಹಳೆ ಆವೃತ್ತಿಯ ಕ್ಯಾಲ್ ನಡೆಯಲ್ಲ ಅನ್ನೋದು ನೆನಪಿರಲಿ.

ಡಾಕ್ಟರು ಮನೆಯಿಂದಲೇ ರಿಮೋಟ್ ಡೆಸ್ಕ್‌ಟಾಪಲ್ಲಿ ಒಳಗೆ ಬರ್ತಾರೆ ಅಂದರೆ ಅದರ ಮೇಲೆ ಆರ್‌ಡಿಎಸ್ ಕ್ಯಾಲ್ ಬೇರೆ ಬೇಕು (ಆರ್‌ಡಿಎಸ್ ಅಂದರೆ ರಿಮೋಟ್ ಡೆಸ್ಕ್‌ಟಾಪ್ ಸರ್ವೀಸಸ್, ಹಲವರು ದೂರದಿಂದ ಸರ್ವರಿನಲ್ಲಿ ಕೆಲಸ ಮಾಡೋ ವ್ಯವಸ್ಥೆ). ಇದರಲ್ಲಿ ನಾನೇ ಸಿಕ್ಕಿಹಾಕಿಕೊಂಡಿದ್ದೆ. ಒಂದು ಎಣ್ಣೆ ಮಿಲ್ಲಿನಲ್ಲಿ ಆರ್‌ಡಿಎಸ್ ಹಾಕಿ, ಎಲ್ಲ ಚೆನ್ನಾಗಿ ಓಡ್ತಿದೆ ಅಂತ ಮರೆತುಬಿಟ್ಟೆ. ಕ್ಯಾಲ್ ಇಲ್ಲದೆ ಅದು ಓಡೋಕೆ 120 ದಿನದ ವಾಯಿದೆ ಇರುತ್ತೆ. ನಾಲ್ಕು ತಿಂಗಳಾದ ಮೇಲೆ ಒಂದು ಸೋಮವಾರ ಬೆಳಿಗ್ಗೆ ಗುಮಾಸ್ತರ ಫೋನು: 'ಸಾರ್, ಒಬ್ರೂ ಒಳಗ್ ಹೋಗಕಾಗ್ತಿಲ್ಲ, ಲಾರಿ ನಿಂತಾವೆ, ಬಿಲ್ ಬರ್ತಿಲ್ಲ, ಬೇಗ ಬರ್ರಿ.' ಅಡ್ಮಿನ್ ಮೋಡಲ್ಲಿ ನಾನು ಒಳಗೆ ಹೋದೆ, ಆದರೆ ಅಲ್ಲಿ ಇಬ್ಬರಿಗಷ್ಟೇ ಜಾಗ. ಕ್ಯಾಲ್ ಬರೋವರೆಗೆ ಗುಮಾಸ್ತರು ಆ ಎರಡು ಸೆಷನ್ನಿಗೆ ಸರದಿ ನಿಂತರು. ಅವತ್ತಿಂದ ಇಂಥ ತಾರೀಕುಗಳೆಲ್ಲ ನನ್ನ ಮೊಬೈಲ್ ಕ್ಯಾಲೆಂಡರಿನಲ್ಲಿ ಹದಿನೈದು ದಿನ ಮುಂಚೆಯೇ ಬಡಿದುಕೊಳ್ತವೆ. ವಿಂಡೋಸ್ ಸರ್ವರಿನ 180 ದಿನದ ಇವ್ಯಾಲ್ಯುಯೇಷನ್ (ಪರೀಕ್ಷಿಸಿ ನೋಡೋಕೆ ಕೊಡೋ) ಕಾಪಿಯೂ ಅಷ್ಟೇ. ವಾಯಿದೆ ಮುಗಿದ ಮೇಲೆ ಗಂಟೆಗೊಮ್ಮೆ ತಾನಾಗೇ ಆಫ್ ಆಗುತ್ತೆ.

ಆನ್‌ಲೈನಲ್ಲಿ ಒಂದೆರಡು ಸಾವಿರಕ್ಕೆ ಸಿಗೋ ಕೀ ಬರೀ ಕೀ. ಲೈಸೆನ್ಸ್ ಅಂದರೆ ನಿಮ್ಮ ಹೆಸರಿನ ಕಾಗದ. ಸರ್ವರ್ ಜೊತೆಗೇ ಬರೋ ಒಇಎಂ ಲೈಸೆನ್ಸ್ ಅಗ್ಗ, ಆದರೆ ಆ ಪೆಟ್ಟಿಗೆ ಸತ್ತರೆ ಅದೂ ಸತ್ತಂತೆ.

ಹೈಪರ್‌ವೈಸರ್ ಬಗ್ಗೆ ಹೆಚ್ಚು ಹೇಳಲ್ಲ. ಹೈಪರ್‌ವೈಸರ್ ಮಾರೋ ವಿಎಂವೇರ್ ಕಂಪನಿಯನ್ನು ಬ್ರಾಡ್‌ಕಾಮ್ 2023ರ ನವೆಂಬರಿನಲ್ಲಿ ಕೊಂಡ ಮೇಲೆ ಒಮ್ಮೆ ಕೊಂಡರೆ ಶಾಶ್ವತ ಅನ್ನೋ ಲೈಸೆನ್ಸ್ ನಿಂತುಹೋಯಿತು, ಈಗ ಚಂದಾ ಲೆಕ್ಕ. ನಿಮ್ಮಂಥ ಜಾಗಕ್ಕೆ ನಾನು ಪ್ರಾಕ್ಸ್‌ಮಾಕ್ಸನ್ನೇ ಹಾಕೋದು. ಲಾಗಿನ್ ಆದಾಗಲೆಲ್ಲ ಸಬ್‌ಸ್ಕ್ರಿಪ್ಷನ್ ಇಲ್ಲ ಅಂತ ಒಂದು ಕಿಟಕಿ ಬರುತ್ತೆ, ಗಾಬರಿಯಾಗಬೇಡಿ. ವಿಂಡೋಸ್ ಇನ್‌ಸ್ಟಾಲ್ ಮಾಡುವಾಗ ಡಿಸ್ಕೇ ಕಾಣದಿದ್ದರೆ ವರ್ಟ್‌ಐಒ ಡ್ರೈವರಿನ (ವಿಎಂನ ಡಿಸ್ಕನ್ನು ವಿಂಡೋಸಿಗೆ ತೋರಿಸೋ ಸಾಫ್ಟ್‌ವೇರ್) ಐಎಸ್ಒ ಫೈಲ್ ಜೋಡಿಸಿಲ್ಲ ಅಂತ ಅರ್ಥ. ಆ ಡಿಸ್ಕನ್ನು ಹುಡುಕ್ತಾ ನಾನು ಒಂದಿಡೀ ಮಧ್ಯಾಹ್ನ ಕಳೆದಿದ್ದೀನಿ.

ದಿನನಿತ್ಯದಲ್ಲಿ ನಿಮ್ಮನ್ನು ಕೆಡಿಸೋದು, ಬೇಕಾದಾಗ ಹಿಂದಿರುಗೋಕೆ ಅಂತ ವಿಎಂನ ಆ ಕ್ಷಣದ ಸ್ಥಿತಿ ಹಿಡಿದಿಡೋ ಸ್ನ್ಯಾಪ್‌ಶಾಟ್. ಚಿತ್ರದುರ್ಗದ ಒಂದು ಕಚೇರಿಯಲ್ಲಿ ಯಾರೋ ಅಪ್‌ಡೇಟ್‌ಗೆ ಮುಂಚೆ ತೆಗೆದ ಸ್ನ್ಯಾಪ್‌ಶಾಟನ್ನು ಏಳು ತಿಂಗಳು ಹಾಗೇ ಬಿಟ್ಟಿದ್ದರು. ಅದು ಬೆಳೆದೂ ಬೆಳೆದೂ ಡಿಸ್ಕ್ ತುಂಬಿ, ಎಲ್ಲ ವಿಎಂಗಳೂ ಒಟ್ಟಿಗೆ ನಿಂತವು. ಮೂರು ದಿನದ ಮೇಲೆ ಇಟ್ಟುಕೊಳ್ಳಬೇಡಿ. ಅದು ಬ್ಯಾಕಪ್ ಅಲ್ಲ, ಅದೇ ಡಿಸ್ಕಲ್ಲೇ ಇರುತ್ತೆ. ಬ್ಯಾಕಪ್ ಬೇರೆ ಪೆಟ್ಟಿಗೆಗೆ, ಬೇರೆ ಕೋಣೆಗೆ ಹೋಗಲಿ. ಮಂಡಿಗಳಲ್ಲಿ ಅಮಾವಾಸ್ಯೆ ಪೂಜೆಯ ದಿನ ಕೆಲಸ ಕಮ್ಮಿ. ಅವತ್ತು ಒಂದು ವಿಎಂ ಅನ್ನು ಬ್ಯಾಕಪ್ಪಿನಿಂದ ಎಬ್ಬಿಸಿ ನೋಡ್ತೀನಿ, ಅದರ ನೆಟ್‌ವರ್ಕ್ ಕಿತ್ತು. ಕೀಳದಿದ್ದರೆ ಒಂದೇ ಐಪಿಯಲ್ಲಿ ಇಬ್ಬರಾಗಿ ಜಗಳ ಹತ್ತುತ್ತೆ. ಕೆಲವು ಸಾಫ್ಟ್‌ವೇರುಗಳ ಲೈಸೆನ್ಸ್ ಮ್ಯಾಕ್ ಅಡ್ರೆಸ್ಸಿಗೆ (ನೆಟ್‌ವರ್ಕ್ ಕಾರ್ಡಿನ ಗುರುತಿನ ಸಂಖ್ಯೆ) ಅಂಟಿಕೊಂಡಿರುತ್ತೆ. ಕಾಪಿ ಎದ್ದಾಗ ಮ್ಯಾಕ್ ಬದಲಾದರೆ 'ನೀನ್ಯಾರು' ಅಂತ ಕೇಳುತ್ತೆ. ಪ್ರತಿ ವಿಎಂನ ಮ್ಯಾಕ್ ಒಂದು ಪುಸ್ತಕದಲ್ಲಿ ಬರೆದಿಡಿ.

ಕರೆಂಟು ಹೋಗಿ ಬಂದಾಗ ಡೊಮೇನ್ ಕಂಟ್ರೋಲರ್ (ಎಲ್ಲರ ಲಾಗಿನ್ ಪರಿಶೀಲಿಸೋ ಸರ್ವರ್) ಮೊದಲು ಏಳೋ ಹಾಗೆ ಸರದಿ ಹಾಕಿ, ಉಳಿದವು ಎರಡು ನಿಮಿಷ ತಡವಾಗಿ ಏಳಲಿ. ಯುಪಿಎಸ್‌ನಿಂದ ಸರ್ವರಿಗೆ ಯುಎಸ್‌ಬಿ ತಂತಿ ಹೋಗಿದೆಯಾ ನೋಡಿ, ಕರೆಂಟು ಹೋದ ಸುದ್ದಿ ಸರ್ವರಿಗೆ ಮುಟ್ಟೋದು ಅದರಿಂದಲೇ. ಬರೀ ಬ್ಯಾಟರಿ ಇದ್ದರೆ ಅದು ಬರಿದಾದಾಗ ಸರ್ವರ್ ದಢಕ್ಕನೆ ಬೀಳುತ್ತೆ. ಮಂಡಕ್ಕಿ ಭಟ್ಟಿ ಕಡೆಯ ಒಂದು ಗೋಡೌನಿನ ಸರ್ವರ್ ಬಿಚ್ಚಿದಾಗ ಫ್ಯಾನಿನ ಮೇಲೆ ಒಂದು ಬೆರಳು ಮಸಿ ಕೂತಿತ್ತು. ನಿಮ್ಮ ಸರ್ವರನ್ನು ಮೆಟ್ಟಿಲ ಕೆಳಗಿನ ಧೂಳಿನ ಕೋಣೆಯಲ್ಲಿ ಇಡದಿದ್ದರೆ ಒಳ್ಳೇದು.

ನಾಳೆ ಡೀಲರಿಗೆ ಫೋನ್ ಮಾಡಿ, ಕೊಟೇಶನ್ನಿನಲ್ಲಿ ಮೂರು ಸಾಲು ಬಿಡಿಬಿಡಿಯಾಗಿ ಬರೆಸಿ: ಎಷ್ಟು ಕೋರಿಗೆ ಲೈಸೆನ್ಸ್, ಯಾವ ಕ್ಯಾಲ್ ಎಷ್ಟು, ಒಇಎಂ ಹೌದೋ ಅಲ್ಲವೋ. ಬರೆಯೋಕೆ ಹಿಂದೆಮುಂದೆ ನೋಡಿದರೆ ಬೇರೆಯವರ ಹತ್ತಿರ ಇನ್ನೊಂದು ಕೊಟೇಶನ್ ತರಿಸಿ.