ಗೆಳೆಯರ ಗುಂಪಿನಲ್ಲಿ ಎಲ್ಲ ಸಿನಿಮಾಕ್ಕೂ 7, 8 ಅಂಕವೇ ಬೀಳುತ್ತದೆ, ಇದನ್ನು ಸರಿಮಾಡುವುದು ಹೇಗೆ?

ನಿಮ್ಮ ಪ್ರಶ್ನೆ ಹೀಗಿದೆ: ಬೆಂಗಳೂರಿನಲ್ಲಿರುವ ಎಂಟು ಜನ ಗೆಳೆಯರು ನೋಡಿದ ಸಿನಿಮಾಕ್ಕೆಲ್ಲ ಹತ್ತಕ್ಕೆ ಇಷ್ಟು ಅಂತ ವಾಟ್ಸಾಪ್ ಗುಂಪಿನಲ್ಲಿ ಅಂಕ ಹಾಕುತ್ತೀರಿ. ಯಾವುದನ್ನು ತೆಗೆದರೂ 7 ಇಲ್ಲವೇ 8. ಬುಕ್‌ಮೈಶೋ ನೋಡಿದರೆ ಅಲ್ಲಿ ಬಹಳಷ್ಟು ಚಿತ್ರಗಳಿಗೆ 9ರ ಆಸುಪಾಸು. ಹಾಗಾದರೆ ಶನಿವಾರಕ್ಕೆ ಯಾವ ಟಿಕೆಟ್ ತೆಗೆಯಬೇಕು?

ತೊಂದರೆ ನಿಮ್ಮ ಗೆಳೆಯರ ರುಚಿಯಲ್ಲಿಲ್ಲ, ಹತ್ತರ ಅಳತೆಗೋಲಿನಲ್ಲಿದೆ. ಅಂಕ ಅಂದ ಕೂಡಲೇ ನಮ್ಮ ತಲೆಗೆ ಶಾಲೆಯ ಮಾರ್ಕ್ಸ್ ಕಾರ್ಡ್ ಬರುತ್ತದೆ. 60 ಅಂದರೆ ಫಸ್ಟ್ ಕ್ಲಾಸ್, 85 ಅಂದರೆ ಡಿಸ್ಟಿಂಕ್ಷನ್. ಹಾಗಾಗಿ ಸಾಧಾರಣ ಸಿನಿಮಾಕ್ಕೆ 5 ಕೊಡಲು ಯಾರಿಗೂ ಮನಸ್ಸು ಬರುವುದಿಲ್ಲ, ಅದು ಬೈಗುಳದ ಹಾಗೆ ಕೇಳಿಸುತ್ತದೆ. 1ರಿಂದ 5ರವರೆಗಿನ ಅರ್ಧ ಅಳತೆ ಸುಮ್ಮನೆ ಬಿದ್ದಿರುತ್ತದೆ, ಎಲ್ಲರೂ 6ರಿಂದ 9ರೊಳಗೆ ನೂಕಾಡುತ್ತಾರೆ.

ಮೊದಲು ಐದಕ್ಕೆ ಇಳಿಸಿ. ಪ್ರತಿ ಅಂಕಕ್ಕೂ ಗುಣದ ಹೆಸರು ಬೇಡ, ಒಂದು ಕೆಲಸವನ್ನು ಕಟ್ಟಿ. 5 ಅಂದರೆ ನನ್ನದೇ ದುಡ್ಡಲ್ಲಿ ಇನ್ನೊಮ್ಮೆ ಥಿಯೇಟರಿಗೆ ಹೋಗುತ್ತೇನೆ. 4 ಅಂದರೆ ನೀವೂ ಥಿಯೇಟರಲ್ಲೇ ನೋಡಿ. 3 ಅಂದರೆ ಓಟಿಟಿಗೆ ಬರುವವರೆಗೆ ಕಾಯಿರಿ. ಎಲ್ಲರೂ ‘ಒನ್ ಟೈಮ್ ವಾಚ್’ ಅನ್ನುವುದು ಇದನ್ನೇ. 2 ಅಂದರೆ ಟಿವಿಯಲ್ಲಿ ಬಂದರೆ ಬಟ್ಟೆ ಮಡಚುತ್ತಾ ನೋಡಬಹುದು. 1 ಅಂದರೆ ಬೇಡವೇ ಬೇಡ. ‘ಚೆನ್ನಾಗಿದೆ’ ಅನ್ನುವುದು ಒಬ್ಬೊಬ್ಬರ ಬಾಯಲ್ಲಿ ಒಂದೊಂದು ತೂಕ. ‘ಇನ್ನೊಮ್ಮೆ ದುಡ್ಡು ಕೊಡುತ್ತೀಯಾ’ ಅನ್ನುವ ಪ್ರಶ್ನೆಗೆ ಮಾತ್ರ ಎಲ್ಲರೂ ಒಂದೇ ಅರ್ಥದಲ್ಲಿ ಉತ್ತರಿಸುತ್ತಾರೆ. ಅರ್ಧ ಅಂಕ ಖಂಡಿತ ಬೇಡ. ಬಿಟ್ಟರೆ ಎರಡೇ ವಾರದಲ್ಲಿ 3.5 ನಿಮ್ಮ ಹೊಸ 7 ಆಗುತ್ತದೆ.

ಅಂಕ ಯಾವಾಗ ಕೊಡಬೇಕು ಅನ್ನುವುದೂ ಮುಖ್ಯ. ಪಾರ್ಕಿಂಗ್‌ನಲ್ಲಿ ನಿಂತು ಕೊಟ್ಟ ಅಂಕ ಕ್ಲೈಮ್ಯಾಕ್ಸಿನ ಅಂಕ. ಅನುಭವವನ್ನು ನೆನೆಯುವಾಗ ಮನಸ್ಸು ಅದರ ಅತಿ ತೀವ್ರ ಕ್ಷಣವನ್ನೂ ಕೊನೆಯನ್ನೂ ಹಿಡಿದು, ಉದ್ದವನ್ನು ಮರೆಯುತ್ತದೆ. ಮನಶ್ಶಾಸ್ತ್ರಜ್ಞ ಡೇನಿಯಲ್ ಕಾಹ್ನೆಮನ್ ಮತ್ತು ಜೊತೆಗಾರರು 1990ರ ದಶಕದಲ್ಲಿ ಪ್ರಯೋಗ ಮಾಡಿ ತೋರಿಸಿದ್ದು ಇದನ್ನೇ. ಕೊನೆಯ ಇಪ್ಪತ್ತು ನಿಮಿಷ ಬಿಜಿಎಂ ಜೋರಾಗಿದ್ದರೆ ನಡುವೆ ಎಳೆದ ನಲವತ್ತು ನಿಮಿಷ ಮಾಯ. ಆದ್ದರಿಂದ ಇಂಟರ್ವಲ್‌ನಲ್ಲಿ ಒಂದೇ ಸಾಲು ಫೋನಿನಲ್ಲಿ ಬರೆದಿಡಿ, ‘ಫಸ್ಟ್ ಹಾಫ್: ಬಿಲ್ಡಪ್ ಜಾಸ್ತಿ, ಕಥೆ ಇನ್ನೂ ಶುರುವಾಗಿಲ್ಲ’ ಅಂತ. ಅಂಕವನ್ನು ಮರುದಿನ ಮಧ್ಯಾಹ್ನದೊಳಗೆ ಕೊಡಿ. ಅದಕ್ಕಿಂತ ತಡವಾದರೆ ಯೂಟ್ಯೂಬ್ ವಿಮರ್ಶಕರ ಮಾತು ನಿಮ್ಮದೇ ಅಭಿಪ್ರಾಯದಂತೆ ಬಾಯಿಗೆ ಬರುತ್ತದೆ.

ಗುಂಪಿನಲ್ಲಿ ನೇರವಾಗಿ ಹಾಕಬೇಡಿ. ಮೊದಲು ಹಾಕಿದವನು 4 ಅಂದರೆ ಉಳಿದವರು 4ರ ಸುತ್ತಲೇ ತಿರುಗುತ್ತಾರೆ. ಗೂಗಲ್ ಫಾರ್ಮ್ ಮಾಡಿ, ಎಲ್ಲರದೂ ಬಂದ ಮೇಲೆ ಒಟ್ಟಿಗೆ ತೆರೆಯಿರಿ. ಅಷ್ಟು ರಗಳೆ ಬೇಡವಾದರೆ ಒಬ್ಬರಿಗೆ ಖಾಸಗಿಯಾಗಿ ಕಳಿಸಿ, ಅವರು ಕೊನೆಯಲ್ಲಿ ಪಟ್ಟಿ ಹಾಕಲಿ.

ಇನ್ನು ಲೆಕ್ಕ. ಇಲ್ಲೇ ಹೆಚ್ಚಿನ ಗುಂಪುಗಳು ಎಡವುವುದು. ಒಬ್ಬರು ಧಾರಾಳಿ, ಕಳೆದ ಇಪ್ಪತ್ತು ಸಿನಿಮಾಗಳಿಗೆ ಅವರು ಕೊಟ್ಟ ಸರಾಸರಿ 4.1 ಅನ್ನೋಣ. ಇನ್ನೊಬ್ಬರ ಕೈ ಬಿಗಿ, ಅವರ ಸರಾಸರಿ 2.6. ಇಬ್ಬರೂ ಒಂದೇ ಚಿತ್ರಕ್ಕೆ 4 ಕೊಟ್ಟರೆ ಅವೆರಡೂ ಒಂದೇ ಅಲ್ಲ. ಮೊದಲನೆಯವರ ಮಟ್ಟಿಗೆ ಅದು ಸರಾಸರಿಗಿಂತ 0.1 ಕೆಳಗೆ, ಎರಡನೆಯವರ ಮಟ್ಟಿಗೆ 1.4 ಮೇಲೆ. ಬಿಗಿ ಕೈಯವರ ಆ 4 ಕಂಡ ಕೂಡಲೇ ಟಿಕೆಟ್ ತೆಗೆಯಿರಿ. ಗೂಗಲ್ ಶೀಟ್‌ನಲ್ಲಿ ಅಂಕಗಳನ್ನು ತುಂಬಿ, ಒಬ್ಬೊಬ್ಬರಿಗೆ ಒಂದು ಕಾಲಂ ಇಟ್ಟು, ಕೊಟ್ಟ ಅಂಕದಿಂದ ಆ ಕಾಲಮ್ಮಿನ ಆವರೇಜ್ ಕಳೆದರೆ ಮುಗಿಯಿತು. ಕನಿಷ್ಠ 10 ಸಿನಿಮಾ ಆಗುವವರೆಗೆ ಈ ಲೆಕ್ಕ ಹಾಕಬೇಡಿ, ಸಂಖ್ಯೆ ವಿಪರೀತ ಕುಣಿಯುತ್ತದೆ. ಒಂದು ಅಪಾಯವೂ ಇದೆ: ಬೇರೆಯವರೆಲ್ಲ ಹೊಗಳಿದ ಮೇಲಷ್ಟೇ ಹೋಗುವವರ ಸರಾಸರಿ ಸಹಜವಾಗಿ ಮೇಲಿರುತ್ತದೆ, ಧಾರಾಳಿ ಅಲ್ಲದಿದ್ದರೂ ಈ ಲೆಕ್ಕ ಅವರನ್ನು ಧಾರಾಳಿ ಅನ್ನುತ್ತದೆ. ಅದಕ್ಕೆ ಗುಂಪಿನಲ್ಲಿ ಮೂವರಾದರೂ ನೋಡಿದ ಚಿತ್ರಗಳನ್ನಷ್ಟೇ ಸರಾಸರಿಗೆ ಸೇರಿಸಿ.

ಗುಂಪಿನ ಒಟ್ಟು ಅಂಕಕ್ಕೆ ಸರಾಸರಿಗಿಂತ ಮೀಡಿಯನ್ ಒಳ್ಳೆಯದು, ಅಂದರೆ ಸಾಲಾಗಿ ಜೋಡಿಸಿದಾಗ ನಟ್ಟನಡುವೆ ಬರುವ ಅಂಕ. ಎಂಟು ಜನ 5, 5, 4, 4, 4, 4, 1, 1 ಕೊಟ್ಟರೆ ಸರಾಸರಿ 3.5, ಮೀಡಿಯನ್ 4. ಆದರೆ ಆ ಎರಡು 1ಗಳನ್ನು ಮುಚ್ಚಿಡಬೇಡಿ. ‘4, ಇಬ್ಬರಿಗೆ ಆಗಿಬರಲಿಲ್ಲ, ರಕ್ತಪಾತ ಜಾಸ್ತಿ’ ಅಂತ ಬರೆಯಿರಿ. ನನ್ನ ಮಟ್ಟಿಗೆ ಆ ಕಾರಣದ ತುಣುಕು ಅಂಕಕ್ಕಿಂತ ಬೆಲೆಬಾಳುವಂಥದ್ದು.

ಅಂಕದ ಪಕ್ಕದಲ್ಲಿ ಎಲ್ಲಿ ನೋಡಿದಿರಿ, ಯಾವ ಭಾಷೆಯಲ್ಲಿ ನೋಡಿದಿರಿ ಅನ್ನುವ ಕಾಲಂ ಬೆಂಗಳೂರಿನಲ್ಲಂತೂ ಬೇಕೇ ಬೇಕು. ಇಲ್ಲಿ ಒಂದೇ ಚಿತ್ರ ಒಂದೇ ದಿನ ಕನ್ನಡ, ತೆಲುಗು, ತಮಿಳು, ಹಿಂದಿ, ಮಲಯಾಳಂನಲ್ಲಿ ಓಡುತ್ತದೆ. ಡಬ್ಬಿಂಗ್ ನೋಡಿದವರು ‘ನಟನೆ ಕೃತಕ’ ಅಂದರೆ ಅದು ನಟರ ಮೇಲಿನ ದೂರಲ್ಲ, ಡಬ್ಬಿಂಗಿನದು. ಮಾಗಡಿ ರಸ್ತೆಯ ವೀರೇಶ್‌ನಲ್ಲೋ ರಾಜಾಜಿನಗರದ ನವರಂಗ್‌ನಲ್ಲೋ ಮೊದಲ ದಿನ ಶಿಳ್ಳೆಯ ನಡುವೆ ನೋಡಿದ ಮಾಸ್ ಸಿನಿಮಾ ಬೇರೆ, ಮಂಗಳವಾರ ಮಧ್ಯಾಹ್ನ ಖಾಲಿ ಮಲ್ಟಿಪ್ಲೆಕ್ಸಿನಲ್ಲಿ ನೋಡಿದ ಅದೇ ಸಿನಿಮಾ ಬೇರೆ. ಎರಡೂ ನಿಜವಾದ ಅನುಭವಗಳೇ, ಒಂದೇ ಕಾಲಮ್ಮಿಗೆ ಹಾಕಿ ಕಲಸಬೇಡಿ.

‘ಮಾತೇ ಕೇಳಿಸಲ್ಲ’ ಅನ್ನುವ ದೂರು ಬಂದರೆ ಚಿತ್ರಕ್ಕೆ ಅಂಕ ಕತ್ತರಿಸುವ ಮೊದಲು ಹಾಲ್ ಬಗ್ಗೆ ಕೇಳಿ. ಹಾಲಿನ ಸದ್ದನ್ನು ನಿಯಂತ್ರಿಸುವ ಡಾಲ್ಬಿ ಪ್ರೊಸೆಸರಿನಲ್ಲಿ, ಚಿತ್ರದ ಸದ್ದನ್ನು ಮಿಕ್ಸ್ ಮಾಡಿದ ಮಟ್ಟ ಅಂದರೆ ಫೇಡರ್ (ವಾಲ್ಯೂಮ್) 7. ಜೋರಾಯಿತು ಅಂತ ಯಾರೋ ದೂರಿದಾಗ ಹಾಲ್‌ಗಳು 5ಕ್ಕೋ ಅದಕ್ಕೂ ಕೆಳಗೋ ಇಳಿಸಿ ಹಾಗೇ ಬಿಡುವುದುಂಟು. ಆಗ ಫೈಟಿನ ಸದ್ದು ಹೇಗೋ ಉಳಿಯುತ್ತದೆ, ಪಿಸುಮಾತು ಹೋಗುತ್ತದೆ. ಚಿತ್ರ ಮಂಕಾಗಿದ್ದರೂ ಹೀಗೇ: ಪರದೆಯ ಬೆಳಕು 2ಡಿಯಲ್ಲಿ 14 ಫುಟ್‌ಲ್ಯಾಂಬರ್ಟ್ (ಪರದೆಯ ಹೊಳಪಿನ ಅಳತೆ) ಇರಬೇಕು, 3ಡಿ ಕನ್ನಡಕ ಹಾಕಿದರೆ ಬಹಳ ಕಡಿಮೆಯಾಗುತ್ತದೆ; ಕತ್ತಲೆಯ ದೃಶ್ಯಗಳೇ ತುಂಬಿರುವ ಚಿತ್ರವನ್ನು 2ಡಿಯಲ್ಲಿ ನೋಡುವುದು ಲೇಸು. ಸೀಟು ಪರದೆಯಿಂದ ಹಿಂದಕ್ಕೆ ಮೂರರಲ್ಲಿ ಎರಡು ಪಾಲು ದೂರದಲ್ಲಿ, ಸಾಲಿನ ನಡುವೆ ಇರಲಿ. ಮೊದಲ ಮೂರು ಸಾಲಿನಲ್ಲಿ ಕೂತವರ ಅಂಕಕ್ಕೆ ಒಂದು ನಕ್ಷತ್ರ ಗುರುತು ಹಾಕಿ. ಮನೆಯವರ ಜೊತೆ ಹೋಗುವವರಿದ್ದರೆ ಸೆನ್ಸಾರ್ ದರ್ಜೆಯನ್ನೂ ಬರೆಯಿರಿ. 2024ರ ಕೊನೆಯಿಂದ ಯುಎ ದರ್ಜೆ 7+, 13+, 16+ ಅಂತ ಮೂರಾಗಿದೆ.

ಹೊರಗಿನ ಅಂಕಗಳನ್ನು ಓದುವಾಗ ಅದು ಯಾವ ಲೆಕ್ಕ ಅಂತ ಮೊದಲು ನೋಡಿ. ವಿಮರ್ಶೆಗಳನ್ನು ಒಟ್ಟುಗೂಡಿಸುವ ತಾಣ ರಾಟನ್ ಟೊಮೆಟೋಸ್‌ನ 90% ಅಂದರೆ ಚಿತ್ರ 90 ಅಂಕದ್ದು ಅಂತಲ್ಲ, ವಿಮರ್ಶಕರಲ್ಲಿ ನೂರಕ್ಕೆ 90 ಜನ ಒಟ್ಟಾರೆ ಮೆಚ್ಚಿ ಬರೆದಿದ್ದಾರೆ ಅಂತ. 60% ಮುಟ್ಟಿದರೆ ಅಲ್ಲಿ ‘ಫ್ರೆಶ್’. ಪ್ರೇಕ್ಷಕರೇ ಅಂಕ ಹಾಕುವ ತಾಣ ಐಎಂಡಿಬಿ ಕೊಡುವುದು ತೂಕ ಹಾಕಿದ ಸರಾಸರಿ (ಎಲ್ಲ ಮತಕ್ಕೂ ಒಂದೇ ಬೆಲೆ ಇಲ್ಲ), ತೂಕದ ಗುಟ್ಟು ಅವರು ಬಿಡುವುದಿಲ್ಲ, ಆದರೆ ಎಷ್ಟು ಜನ ಎಷ್ಟು ಕೊಟ್ಟರು ಅನ್ನುವ ಕಂಬಗಳ ಚಿತ್ರ ಸಿಗುತ್ತದೆ. ನೋಡಬೇಕಾದ್ದು ಅದನ್ನೇ. 90 ಜನರಲ್ಲಿ 60 ಮಂದಿ 10, 30 ಮಂದಿ 1 ಕೊಟ್ಟರೂ ಸರಾಸರಿ 7. 20 ಮಂದಿ 6, 50 ಮಂದಿ 7, 20 ಮಂದಿ 8 ಕೊಟ್ಟರೂ ಸರಾಸರಿ 7. ಮೊದಲನೆಯದು ಅಭಿಮಾನಿಗಳ ಜಗಳ, ಎರಡನೆಯದು ನಿಜಕ್ಕೂ 7ರ ಸಿನಿಮಾ. ಸಿನಿಮಾಪ್ರಿಯರ ತಾಣ ಲೆಟರ್‌ಬಾಕ್ಸ್‌ಡ್‌ನಲ್ಲೂ ಇಂಥ ಕಂಬಗಳಿವೆ, ಅಲ್ಲಿ ಅಳತೆ ಐದು ನಕ್ಷತ್ರದ್ದು.

ಕಡಿಮೆ ಮತಗಳ ದೊಡ್ಡ ಅಂಕವನ್ನು ಕುಗ್ಗಿಸಿ ಓದಿ. ಸರಳ ಉಪಾಯ: ಪ್ರತಿ ಚಿತ್ರಕ್ಕೂ 7 ಅಂಕದ 500 ಕಲ್ಪಿತ ಮತ ಸೇರಿಸಿ. 40 ಮತದ 9.6 ಆಗ ಸುಮಾರು 7.2ಕ್ಕೆ ಇಳಿಯುತ್ತದೆ, 6,000 ಮತದ 8.1 ಹೆಚ್ಚುಕಮ್ಮಿ 8.0ರಲ್ಲೇ ನಿಲ್ಲುತ್ತದೆ. ಎರಡನೆಯದನ್ನೇ ನಂಬಿ. ಬುಕ್‌ಮೈಶೋದ ಅಂಕವನ್ನು ಸೋಮವಾರದ ತನಕ ಲೆಕ್ಕಕ್ಕೆ ಹಿಡಿಯಬೇಡಿ, ಶುಕ್ರವಾರ ಬೆಳಗಿನ ಆಟಕ್ಕೆ ಹೋದವರು ಇಷ್ಟಪಡಲೆಂದೇ ಹೋದವರು. ಸೋಮವಾರಕ್ಕೆ ಕಾಯಲು ಇನ್ನೊಂದು ಕಾರಣ, ಬಿಡುಗಡೆಯಾದ ಎರಡು ಮೂರು ದಿನದಲ್ಲಿ ಚಿತ್ರತಂಡ ಹತ್ತು ಹದಿನೈದು ನಿಮಿಷ ಕತ್ತರಿಸುವುದುಂಟು. ‘ಲ್ಯಾಗ್’ ಅಂತ ಮೊದಲ ದಿನ ಬಿದ್ದ ಅಂಕ ಆಮೇಲೆ ನೀವು ನೋಡುವ ಚಿತ್ರದ್ದೇ ಆಗಿರುವುದಿಲ್ಲ. ಹಾಗಾಗಿ ಶೀಟ್‌ನಲ್ಲಿ ನೋಡಿದ ತಾರೀಕು ಇರಲಿ.

ಕಡೆಯದಾಗಿ, ಅರ್ಧಕ್ಕೆ ಬಿಟ್ಟ ಸಿನಿಮಾ. ಓಟಿಟಿಯಲ್ಲಿ ನಿಲ್ಲಿಸಿದವರು ಸಾಮಾನ್ಯವಾಗಿ ಅಂಕವನ್ನೇ ಕೊಡುವುದಿಲ್ಲ, ಪೂರ್ತಿ ಕೂತವರಷ್ಟೇ ಕೊಡುತ್ತಾರೆ, ಅದರಿಂದ ಕೆಟ್ಟ ಚಿತ್ರದ ಸರಾಸರಿಯೂ ಮೇಲೇಳುತ್ತದೆ. ಬಿಟ್ಟವರಿಂದ ಅಂಕ ಕೇಳಬೇಡಿ, 1 ಅಂತಲೂ ತುಂಬಬೇಡಿ. ‘ಬಿಟ್ಟೆ, 38ನೇ ನಿಮಿಷ’ ಅಂತ ಬರೆಸಿ. ಎಂಟರಲ್ಲಿ ಮೂವರು ಒಂದೇ ಜಾಗದ ಆಸುಪಾಸಿನಲ್ಲಿ ಬಿಟ್ಟಿದ್ದರೆ, ಉಳಿದವರ ಮೀಡಿಯನ್ 4 ಇದ್ದರೂ ಶನಿವಾರದ ಟಿಕೆಟ್ ಬೇರೆಯದಕ್ಕೆ ತೆಗೆಯಿರಿ.