ಹೆದರಿಕೆ ಹೋದ ಮೇಲೆ ಹೊರಡುದಾ, ಹೊರಟ ಮೇಲೆ ಹೆದರಿಕೆ ಹೋಗುದಾ?

ಪ್ರಶ್ನೆ: ನಂಗೆ 30 ವರ್ಷ, ಮನೆ ಬಜ್ಪೆ ಹತ್ರ. ಗಂಡ ದುಬೈಯಲ್ಲಿ, ಮಗಳಿಗೆ ನಾಲ್ಕು ವರ್ಷ. ಹೋದ ತಿಂಗಳು ವೀಸಾ ಟಿಕೆಟ್ ಎಲ್ಲ ಆಗಿ ಬೋರ್ಡಿಂಗ್ ಪಾಸ್ ಕೂಡ ಕೈಗೆ ಬಂದಿತ್ತು, ಸೆಕ್ಯುರಿಟಿ ಲೈನಲ್ಲಿ ನಿಂತಾಗ ಎದೆ ಡವಡವ, ಬೆರಳೆಲ್ಲ ಜುಮ್ಮಂತ ಮರಗಟ್ಟಿತು, ಉಸಿರು ಸಿಗ್ತಿಲ್ಲ, ಈಗ ಸತ್ತೇ ಹೋಗ್ತೇನೆ ಅನಿಸಿ ಮಗಳನ್ನು ಎತ್ಕೊಂಡು ವಾಪಸ್ ಬಂದೆ. 2010ರಲ್ಲಿ ಇಲ್ಲಿ ಮಂಗಳೂರು ಏರ್‌ಪೋರ್ಟ್ ಹತ್ರ ವಿಮಾನ ಬಿದ್ದಾಗ ನಾನು ಹೈಸ್ಕೂಲು, ಆ ಹೊಗೆ ಕಣ್ಣಾರೆ ನೋಡಿದ್ದೇನೆ. ಮನೆಯಲ್ಲಿ "ಓದಿದವಳು, ಇಷ್ಟು ಹೆದರುದಾ" ಅಂತಾರೆ, ಅತ್ತೆ ನೂಲು ಕಟ್ಟಿಸಿದ್ದಾರೆ. ಹೆದರಿಕೆ ಪೂರ್ತಿ ಹೋದ ಮೇಲೆ ಹೊರಡ್ತೇನೆ ಅಂತ ಗಂಡನಿಗೆ ಹೇಳಿದ್ದೇನೆ. ಅದು ಹೋಗ್ತದಾ?

ಉತ್ತರ: ಒಂದು ವಿಷಯ ನೀವು ಬರೀಲಿಲ್ಲ. ಹೊರಗೆ ಬಂದು ಕಾರಲ್ಲಿ ಕೂತು ಬಾಗಿಲು ಹಾಕಿದ ಕೂಡ್ಲೆ ಎಂತ ಅನಿಸಿತು? ಅಬ್ಬ, ಬದುಕಿದೆ ಅನಿಸಿರ್ತದೆ ಅಲ್ವಾ. ನಿಮ್ಮ ಹೆದರಿಕೆ ಬೆಳೀತಾ ಇರುದು ಆ ಹಾಯ್ ಅನಿಸಿದ ಒಂದು ನಿಮಿಷದಲ್ಲಿ. ಓಡಿ ಬಂದದ್ದಕ್ಕೇ ಉಳಿದದ್ದು ಅಂತ ಮಿದುಳು ಲೆಕ್ಕ ಬರೆದಿಟ್ಟುಕೊಳ್ತದೆ, ಮುಂದಿನ ಸಲ ಏರ್‌ಪೋರ್ಟ್ ರೋಡ್ ತಿರುಗುವಾಗಲೇ ಗಂಟೆ ಬಾರಿಸ್ಲಿಕ್ಕೆ ಶುರು ಮಾಡ್ತದೆ. ಹಾಗಾಗಿ ಪೂರ್ತಿ ಹೋಗ್ಲಿ ಅಂತ ಮನೆಯಲ್ಲಿ ಕಾದು ಕೂತ್ರೆ ಅದು ಹೋಗುದಿಲ್ಲ ಅಂತ ನಾನು ನೇರವಾಗಿಯೇ ಹೇಳ್ತೇನೆ, ಬೇಜಾರು ಮಾಡ್ಬೇಡಿ.

ಲೈನಲ್ಲಿ ಆದದ್ದನ್ನು ಪ್ಯಾನಿಕ್ ಅಟ್ಯಾಕ್ ಅಂತಾರೆ. ಹುಲಿ ಎದುರು ಬಂದ್ರೆ ಓಡ್ಲಿಕ್ಕೆ ಬೇಕಾದ ಅಡ್ರಿನಲಿನ್ ಹುಲಿ ಇಲ್ಲದ ಕಡೆ ಸುರೀತದೆ, ಅದಕ್ಕೆ ಎದೆ ಹೊಡ್ಕೊಳ್ಳುದು. ಗಾಬರಿಯಲ್ಲಿ ಬೇಗಬೇಗ ಉಸಿರಾಡಿ ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡ್ ಕಡಿಮೆ ಆಗ್ತದೆ, ಬೆರಳು ಜುಮ್ಮನ್ನುದು ಅದರಿಂದ. ಸಾಮಾನ್ಯವಾಗಿ ಹತ್ತು ನಿಮಿಷದೊಳಗೆ ಅದು ತುದಿಗೆ ಏರಿ ಮತ್ತೆ ತಾನಾಗಿ ಇಳೀತದೆ. ನೀವು ಇಳಿಯುದನ್ನು ನೋಡ್ಲೇ ಇಲ್ಲ, ಏರುವಾಗಲೇ ಎದ್ದು ಬಂದ್ರಿ. ಆದ್ರೂ ಒಮ್ಮೆ ಡಾಕ್ಟರಿಗೆ ತೋರಿಸಿ ಹಾರ್ಟು, ಥೈರಾಯ್ಡ್ ಸರಿ ಉಂಟು ಅಂತ ಖಾತ್ರಿ ಮಾಡ್ಕೊಳ್ಳಿ.

ಇನ್ನು ಆ ಹೊಗೆ. ಅದನ್ನು ಮರೆತುಬಿಡಿ ಅಂತ ನಾನು ಹೇಳುದಿಲ್ಲ, 2010 ಮೇ 22ರ ಬೆಳಿಗ್ಗೆ 158 ಜನ ಹೋದ್ರು, ಉಳಿದದ್ದು 8 ಜನ, ನಮ್ಮ ಊರಿಗೆ ಅದು ಸಣ್ಣ ಸಂಗತಿ ಅಲ್ಲ. ಆದ್ರೆ ಯಾಕೆ ಆಯ್ತು ಅಂತ ತಿಳ್ಕೊಳ್ಳಿ. ಇಳಿಯುವ ಎತ್ತರ, ವೇಗ ಸರಿ ಇಲ್ಲದಿದ್ರೂ ಕ್ಯಾಪ್ಟನ್ ಇಳಿಸುದನ್ನು ಬಿಡ್ಲಿಲ್ಲ, ಪಕ್ಕದ ಕೋ-ಪೈಲಟ್ ಗೋ ಅರೌಂಡ್, ಅಂದ್ರೆ ಇಳಿಸದೆ ಮತ್ತೆ ಮೇಲೆ ಹೋಗುವ ಅಂತ ಹೇಳಿದ್ರೂ ಮುಂದುವರಿಸಿದ್ರು, 2450 ಮೀಟರ್ ರನ್‌ವೇಯಲ್ಲಿ ತುಂಬ ಮುಂದೆ ಹೋಗಿ ನೆಲ ಮುಟ್ಟಿತು ಅಂತ ತನಿಖೆಯಲ್ಲಿ ಬಂತು. ಮಳೆಗಾಲದಲ್ಲಿ ಇಳಿಯಬೇಕಾದ ವಿಮಾನ ಗುಡ್ಡದ ಹತ್ರ ಬಂದು ಜೋರು ಶಬ್ದ ಮಾಡಿ ಮತ್ತೆ ಮೇಲೆ ಹೋಗ್ತದಲ್ಲ, ಕೆಲವೊಮ್ಮೆ ಬೆಂಗಳೂರಿಗೇ ಹೋಗಿ ಇಳೀತದೆ, ಒಳಗಿದ್ದವರು ದೇವರ ಹೆಸರು ಹೇಳಿ ಸೀಟು ಹಿಡ್ಕೊಳ್ತಾರೆ. ಅವತ್ತು ಮಾಡದೆ ಬಿಟ್ಟದ್ದು ಇದೇ ಕೆಲಸ. ಆ ಶಬ್ದ ಕೇಳಿದ್ರೆ ಪೈಲಟ್ ಸರಿ ಇದ್ದಾರೆ ಅಂತ ಅರ್ಥ.

ನಂಗೆ ಎಂಟು ವರ್ಷ ಇದ್ದಾಗ ಕಾಪು ಬೀಚಲ್ಲಿ ಒಂದು ತೆರೆ ನನ್ನನ್ನು ಮಗುಚಿ ಹಾಕಿತ್ತು, ಮೂಗು ಬಾಯಿ ತುಂಬ ಹೊಯಿಗೆ. ಆಮೇಲೆ ಒಂದು ವರ್ಷ ಸಮುದ್ರದ ಶಬ್ದ ಕೇಳಿದ್ರೂ ಅಳು. ಅಜ್ಜ ಬೈಯಲಿಲ್ಲ, ನೀರಿಗೆ ಎಳೀಲೂ ಇಲ್ಲ. ದಿನಾ ಸಂಜೆ ದೀಪಸ್ತಂಭದ ಬಂಡೆ ಹತ್ರ ಕೂತ್ಕೊಳ್ಳುದು, ನನ್ನ ಕೈ ಬೆವರು ಆರುವವರೆಗೆ ಏಳ್ಲಿಕ್ಕಿಲ್ಲ, ಅಷ್ಟೇ ಅವರ ರೂಲು. ಒಂದು ವಾರ ಬಿಟ್ಟು ಹತ್ತು ಹೆಜ್ಜೆ ಮುಂದೆ. ಕಾಲಡಿಯ ಹೊಯಿಗೆ ತೆರೆ ಜೊತೆ ಜಾರಿ ಹೋಗುವಾಗ ಹಿಮ್ಮಡಿ ಗುಳಿ ಬೀಳ್ತದಲ್ಲ, ಅಲ್ಲಿಗೆ ಬರ್ಲಿಕ್ಕೆ ನಂಗೆ ಎರಡು ತಿಂಗಳು ಹಿಡೀತು.

ನೀವೂ ಹಾಗೇ ಮಾಡಿ. ಮೊದಲು ಟಿಕೆಟ್ ಇಲ್ಲದೆ ಏರ್‌ಪೋರ್ಟಿಗೆ ಹೋಗಿ ಹೊರಗೆ ಕೂತು ವಿಮಾನ ಇಳಿಯುದು ನೋಡಿ, ಎದೆ ಹೊಡ್ಕೊಂಡ್ರೆ ಹೊಡ್ಕೊಳ್ಳಲಿ, ನಾಲ್ಕು ಎಣಿಸಿ ಉಸಿರು ಒಳಗೆ, ಆರು ಎಣಿಸಿ ಹೊರಗೆ, ತಣಿಯುವವರೆಗೆ ಎದ್ದು ಬರ್ಬೇಡಿ. ಅದು ಬೋರು ಹೊಡೆಸುವಷ್ಟು ಸಲ ಹೋಗಿ. ಮತ್ತೆ ಬೆಂಗಳೂರಿಗೆ ಟಿಕೆಟ್ ಮಾಡಿ, ಒಂದು ಗಂಟೆ, ಯಾರಾದ್ರೂ ಜೊತೆಗಿರ್ಲಿ. ದುಬೈ ಅದಾದ ಮೇಲೆ. ಗಂಡನಿಗೆ ಒಂದು ಮಾತು: ಐದೈದು ನಿಮಿಷಕ್ಕೆ ಫೋನ್ ಮಾಡಿ "ಏನೂ ಆಗುದಿಲ್ಲ" ಅಂತ ಹೇಳ್ಬೇಡಿ, ಆಮೇಲೆ ಫೋನ್ ಇಲ್ಲದೆ ಆಗುದಿಲ್ಲ ಅಂತಾಗ್ತದೆ. ನೂಲು ಕೈಯಲ್ಲಿರ್ಲಿ, ಅತ್ತೆಯ ಪ್ರೀತಿ ಅದು, ಆದ್ರೆ ಹೆಜ್ಜೆ ನೀವೇ ಇಡ್ಬೇಕು. ಒಬ್ಬರಿಂದ ಆಗ್ಲಿಲ್ಲ ಅಂದ್ರೆ ಸೈಕಿಯಾಟ್ರಿಸ್ಟ್ ಹತ್ರ ಹೋಗ್ಲಿಕ್ಕೆ ನಾಚಿಕೆ ಬೇಡ, ಇದಕ್ಕೆ ಒಳ್ಳೆ ಚಿಕಿತ್ಸೆ ಉಂಟು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಯಾವ ಹೊತ್ತಿಗೂ ಫೋನ್ ಮಾಡ್ಬಹುದು, ಫ್ರೀ, ಕನ್ನಡದಲ್ಲೇ ಮಾತಾಡ್ತಾರೆ.

ಪ್ರಶ್ನೆ: ಆರು ವರ್ಷದ ಮಗ ಯಕ್ಷಗಾನದಲ್ಲಿ ರಾಕ್ಷಸನ ಬಣ್ಣದ ವೇಷ ಬಂದು ಕೂಗಿದ್ದು ನೋಡಿ ಹೆದರಿದ್ದಾನೆ, ಈಗ ರಾತ್ರಿ ಚೆಂಡೆ ಕೇಳಿದ್ರೆ ಕಿವಿ ಮುಚ್ಕೊಳ್ತಾನೆ. ಆಟಕ್ಕೆ ಕರ್ಕೊಂಡು ಹೋಗುದೇ ನಿಲ್ಲಿಸುದಾ? (ಉಡುಪಿ)

ಉತ್ತರ: ನಿಲ್ಲಿಸ್ಬೇಡಿ, ಸ್ವಲ್ಪ ಬೇಗ ಹೋಗಿ. ಮೇಳದವರನ್ನು ಕೇಳಿಕೊಂಡು ಅವನನ್ನು ಚೌಕಿಗೆ, ಅಂದ್ರೆ ವೇಷ ಹಾಕುವ ಜಾಗಕ್ಕೆ ಕರ್ಕೊಂಡು ಹೋಗಿ, ಒತ್ತಾಯ ಮಾಡ್ಲಿಕ್ಕಿಲ್ಲ, ಬಾಗಿಲಲ್ಲೇ ನಿಂತ್ರೂ ಸಾಕು. ಲುಂಗಿ ಉಟ್ಟ ಒಬ್ಬ ಮಾಮ ಕನ್ನಡಿ ಹಿಡ್ಕೊಂಡು ಅಕ್ಕಿ ಹಿಟ್ಟು, ಸುಣ್ಣ ಕಲಸಿದ್ದನ್ನು ಕಡ್ಡಿಯಲ್ಲಿ ತೆಗೆದು ಕೆನ್ನೆ ಮೇಲೆ ಒಂದೊಂದೇ ಚಿಟ್ಟಿ, ಅಂದ್ರೆ ಮುಳ್ಳಿನ ಹಾಗಿನ ಬಿಳಿ ಚುಕ್ಕಿ ಇಡ್ತಾ, ನಡುವೆ ಚಾ ಕುಡೀತಾ ಇರ್ತಾರೆ, ಮುಗೀಲಿಕ್ಕೆ ಗಂಟೆಗಟ್ಟಲೆ ಬೇಕು. ಮಗ ಅದನ್ನು ನೋಡ್ಲಿ. ಆಮೇಲೆ ರಂಗಸ್ಥಳಕ್ಕೆ ಬಂದು ಕೂಗಿದಾಗ ನಿಮ್ಮ ಮಡಿಲಿಗೆ ಸರಿದು ಕೂತ್ರೂ ಪರವಾಗಿಲ್ಲ, "ಅದು ಚಾ ಕುಡಿದ ಮಾಮ ಅಲ್ವಾ" ಅಂತ ಅವನೇ ಕೇಳ್ತಾನೆ.